ಅಜವಾನದ ಹೊಗೆ

ನಮ್ಮತ್ತೆ ಕಾಡವ್ವನವರಿಗೆ ಗುಳಿಗೆ ಕಂಡರೆ ಆಗುವುದಿಲ್ಲ. ನುಂಗುವವರು ಬೇರೆಯವರಾಗಿದ್ದರೆ ಮಾತ್ರ.

ನನಗೆ ತಾಯಿಯಿಲ್ಲ. ಹಾಗಾಗಿ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲೇ, ರಾಮತೀರ್ಥ ನಗರದಲ್ಲಿ. ಹೆರಿಗೆಗೆ ಮಾತ್ರ ಹಟ ಹಿಡಿದು ಖಾನಾಪುರಕ್ಕೆ ಹೋಗಿದ್ದೆ. ಅವ್ವನ ಗೆಳತಿ ಭೀಮಕ್ಕ ಅಲ್ಲಿ ನರ್ಸು. ಕೆಳಗೆ ಐದು ಹೊಲಿಗೆ ಬಿದ್ದವು.

"ಭಾಳ ನೋವಾದ್ರಷ್ಟ ಗುಳಗಿ ತಗೋ," ಎಂದಳು ಭೀಮಕ್ಕ. "ಇವತ್ತ ಬಟ್ಟ್ಯಾಗ ಬರ್ಫ ಸುತ್ತಿ ಇಟ್ಕೋ. ನಾಳಿಂದ ಟಬ್ಬಿನ್ಯಾಗ ಬೆಚ್ಚನ ನೀರ ಹಾಕ್ಕೊಂಡು ಹತ್ತ ಮಿನಿಟ ಕುಂದರು. ಮಗ್ಗಲಾಗಿ ಮಕ್ಕೊಂಡ ಹಾಲ ಕುಡಸು. ಕುಕ್ಕರಗಾಲಿಲೆ ಮಾತ್ರ ಕುಂದರಬ್ಯಾಡವಾ, ಹೊಲಿಗಿ ಬಿಚ್ಚತಾವ."

ಮನೆಗೆ ಬಂದು ಹೇಳಿದರೆ ಅತ್ತೆ ಹೌಹಾರಿದರು. "ಬಾಣಂತಿಗೆ ಬರ್ಫ? ಸನ್ನಿ ಹಿಡದ ಸಾಯ್ತಿ! ನಾ ಐದ ಹಡದೇನಿ, ಒಂದ ಗುಳಗಿ ನುಂಗಿಲ್ಲ." ಗುಳಿಗೆಗಳು ಗಟಾರ ಸೇರಿದವು.

ಅವರ ಮದ್ದು ಬೇರೆ. ಎರಡು ಮಣೆಯ ನಡುವೆ ಅಗ್ಗಿಷ್ಟಿಗೆ, ಕೆಂಡದ ಮೇಲೆ ಒಂದು ಹಿಡಿ ಅಜವಾನ, ಅಂದರೆ ಓಂಕಾಳು. ಒಂದೊಂದು ಮಣೆಯ ಮೇಲೆ ಒಂದೊಂದು ಕಾಲಿಟ್ಟು, ಹೊಗೆಯ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಏಳದಂತೆ ಅವರು ಹೆಗಲು ಅದುಮಿ ಹಿಡಿಯುತ್ತಿದ್ದರು. ನಾಲ್ಕನೆಯ ದಿನ ಹೊಲಿಗೆ ಬಿಚ್ಚಿತು. ರಕ್ತ ಬಿದ್ದು ಕೆಂಡ ಚುಂಯ್ ಎಂದಿತು.

"ಹೊಲಸ ಹೊಂಟೈತಿ. ಹೋಗಲಿ ಬಿಡು," ಎಂದರು ಅತ್ತೆ.

ಅದೇ ಸಂಜೆ ಭೀಮಕ್ಕನ ಫೋನು. ಅತ್ತೆ ಸ್ಪೀಕರ್ ಒತ್ತಿ, ಕೂಸನ್ನೆತ್ತಿಕೊಂಡು ಎದುರಿಗೇ ನಿಂತರು.

"ಅತ್ತಿ ಚಲೋ ನೋಡ್ಕೊಂತಾರ ಮಾವಶಿ," ಎಂದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ. ಒಂಬತ್ತನೆಯ ದಿನ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲದಾದಾಗ ನನ್ನನ್ನು ಆಸ್ಪತ್ರೆಗೆ ಒಯ್ದರು. ಕೀವು ತೆಗೆದು ಮತ್ತೆ ಹೊಲಿದರು. ಮೂರು ತಿಂಗಳು ನಾನು ನೆಟ್ಟಗೆ ಕೂರಲಿಲ್ಲ.

ಈ ಶ್ರಾವಣದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಕುಂಡೆಯ ಮೇಲೆ ಬಿದ್ದರು. ಬೆನ್ನೆಲುಬಿನ ತುದಿ ಬಿರುಕು ಬಿಟ್ಟಿತ್ತು. ಡಾಕ್ಟರು ನೋವಿಗೆ ಗುಳಿಗೆ ಬರೆದರು, ನಡುವೆ ತೂತಿರುವ ದಿಂಬು ಕೊಡಿಸಿದರು. ನನ್ನ ಗಂಡ ಯಲ್ಲೇಶ ಎರಡನ್ನೂ ನನ್ನ ಕೈಗಿಟ್ಟು ಡ್ಯೂಟಿಗೆ ಹೋದ.

ದಿಂಬನ್ನು ಅಟ್ಟಕ್ಕೆ ಎಸೆದೆ. ಮಣೆ ತಂದಿಟ್ಟೆ. "ಕುಂದರ್ರಿ ಅತ್ತಿ."

"ಮಾಲಾ, ಗುಳಗಿ ಕೊಡವಾ. ಜೀವ ಹೊಂಟೈತಿ."

"ಐದ ಹಡದ ಗಟ್ಟಿ ಜೀವ ನಿಮ್ದು. ಗುಳಗಿ ಯಾಕ್ರೀ?" ಎಂದು ಹೆಗಲು ಅದುಮಿ ಕೂರಿಸಿದೆ. ಅವರು ಚೀರಿದರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯಿತು.

ಸಂಜೆ ಯಲ್ಲೇಶ ಬಂದು ಕೇಳಿದ, "ಅವ್ವಾ, ಆರಾಮ ಆತೇನ? ಗುಳಗಿ ತಗೊಂಡಿ?"

ನಾನು ಎದುರಿಗೇ ನಿಂತಿದ್ದೆ, ಕೂಸನ್ನೆತ್ತಿಕೊಂಡು. ನಾಳೆಯೂ ಮಗ ಡ್ಯೂಟಿಗೆ ಹೋಗುವವನೇ. ಅತ್ತೆ ನನ್ನ ಮುಖ ನೋಡಿದರು.

"ನನ್ನ ಸೊಸಿ ಚಲೋ ನೋಡ್ಕೊಂತಾಳಪ್ಪಾ," ಎಂದರು.

ಗುಳಿಗೆಗಳು ನನ್ನ ಸೆರಗಿನ ಗಂಟಿನಲ್ಲಿದ್ದವು. ನಾನು ಬಿಚ್ಚಲಿಲ್ಲ.