ಅಕ್ಕನ ಉಸಿರಿನ ಅಳತೆ

ನನ್ನ ಹಾಡುಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತೇವೆ ಎಂದು ಪ್ರಕಾಶನದವರು ಕೇಳಿದಾಗ ನಾನು ಬೇಡ ಎಂದೆ. ಇನ್ನೊಂದು ಸಲ ಕೇಳಲಿ ಎಂದೇ ಹಾಗೆ ಹೇಳಿದ್ದು. ಅವರು ಕೇಳಿದರು, ನಾನು ಒಪ್ಪಿಕೊಂಡೆ. ಎಪ್ಪತ್ತೊಂದು ತುಂಬಿದ ಮೇಲೂ ಇಷ್ಟು ಬಿನ್ನಾಣ ಉಳಿದಿದೆ.

ಅಲ್ಲಿಯ ಸಂಪಾದಕಿ ಚುರುಕಾದ ಹೆಂಗಸು. ಇಪ್ಪತ್ತೆರಡು ಸಂಗೀತ ನಾಟಕಗಳು, ಹದಿನಾಲ್ಕು ಸಿನಿಮಾಗಳು, ಎಲ್ಲದರ ಹಾಡುಗಳನ್ನೂ ಹುಡುಕಿ ತೆಗೆದು, ಕರಡು ತಿದ್ದಿ, ಮೂರೇ ತಿಂಗಳಲ್ಲಿ ನನ್ನ ಮೇಜಿನ ಮೇಲೆ ತಂದಿಟ್ಟರು. ಉಳಿದದ್ದು ಮುನ್ನುಡಿ ಒಂದೇ.

"ಸರ್, ಅದರಲ್ಲಿ ನಿಮ್ಮ ತುಂಡು ಸಾಲಿನ ಬಗ್ಗೆ ಬರೀರಿ. ಅದು ಹೇಗೆ ಹುಟ್ಟಿತು ಅಂತ. ಓದೋರಿಗೆ ಬೇಕಾಗಿರೋದು ಅದೇ."

"ಅದನ್ನ ನೂರು ಸಲ ಹೇಳಿದ್ದೀನಲ್ಲಮ್ಮ."

"ನೂರ ಒಂದನೇ ಸಲ ಬರೆದುಬಿಡಿ. ಆಮೇಲೆ ಯಾರೂ ಕೇಳಲ್ಲ."

ಆ ಕೊನೆಯ ಮಾತು ನನಗೆ ನಾಟಿತು. ನೂರು ಸಲ ನಾನು ಹೇಳಿದ್ದು ಅಪ್ಪಟ ಸುಳ್ಳು. ನಿಜ ಗೊತ್ತಿರುವವರು ಈ ಭೂಮಿಯ ಮೇಲೆ ಇಬ್ಬರೇ, ನಾನು ಮತ್ತು ನನ್ನ ಅಕ್ಕ. ಅಕ್ಕನಿಗೆ ಈಗ ಎಂಬತ್ತು. ಅವಳು ಇರುವಾಗಲೇ ನಿಜವನ್ನು ಅಚ್ಚು ಹಾಕಿಸಬೇಕು, ಅವಳ ಕೈಗೆ ಪುಸ್ತಕ ಕೊಡಬೇಕು, ಇಲ್ಲದಿದ್ದರೆ ಆಮೇಲೆ ಎದೆ ಬಡಿದುಕೊಂಡು ಏನು ಉಪಯೋಗ?

ತುಂಡು ಸಾಲು ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಪದ, ಇಲ್ಲವೇ ಎರಡು ಪದ, ಅಲ್ಲಿಗೆ ನಿಲುಗಡೆ. ವಾದ್ಯಗಳು ಆ ಜಾಗವನ್ನು ತುಂಬುತ್ತವೆ. ಮತ್ತೆ ಎರಡು ಪದ. ನನಗಿಂತ ಮುಂಚೆ ನಾಟಕದ ಹಾಡುಗಳನ್ನು ಯಾರೂ ಹಾಗೆ ಬರೆಯುತ್ತಿರಲಿಲ್ಲ. ಇದರ ಮೇಲೆ ಇಬ್ಬರು ಪಿಎಚ್‌ಡಿ ಮಾಡಿದ್ದಾರೆ. ಒಬ್ಬಾತ ಇದು ಒಡೆದ ಬದುಕಿನ ಲಯ ಎಂದ, ಇನ್ನೊಬ್ಬಾಕೆ ಮೌನದ ರಾಜಕೀಯ ಎಂದಳು. ಇಬ್ಬರಿಗೂ ನಾನು ಮುಗುಳ್ನಕ್ಕು ಸಹಿ ಹಾಕಿಕೊಟ್ಟೆ.

ಜನಕ್ಕೆ ಗೊತ್ತಿರುವ ಕಥೆ ಮೆಟ್ಟಿಲಿನದು. ನಮ್ಮ ನಾಟಕ ಕಂಪನಿಯ ತಾಲೀಮು ಕೋಣೆ ಪೀಠೋಪಕರಣಗಳ ಗೋದಾಮಿನ ಮೇಲಿತ್ತು. ನಾನು ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೆ ಒಂದೊಂದು ಪದ ಹೊಳೆಯಿತಂತೆ, ತಿರುವಿನಲ್ಲಿ ನಿಂತಾಗ ನಿಲುಗಡೆ ಹುಟ್ಟಿತಂತೆ. ಮೊದಲು ಬರೀ ಮೆಟ್ಟಿಲು ಎಂದಿದ್ದೆ. ವರ್ಷ ಕಳೆದಂತೆ ಮೂವತ್ತೆರಡು ಮೆಟ್ಟಿಲಾಯಿತು, ಮರದ್ದಾಯಿತು, ಹನ್ನೊಂದನೆಯದು ಕಿರುಗುಟ್ಟತೊಡಗಿತು. ಚಿತ್ರಕಥೆ ಕಲಿಸುವ ಶಾಲೆಯೊಂದರಲ್ಲಿ ಪಾಠಕ್ಕೆ ಕರೆದಾಗ ವಿದ್ಯಾರ್ಥಿಗಳನ್ನೆಲ್ಲ ಮೆಟ್ಟಿಲು ಹತ್ತಿಸಿ ಇಳಿಸಿದ್ದೇನೆ. ಪಾಪ, ಬೆವರು ಒರೆಸಿಕೊಳ್ಳುತ್ತ ಟಿಪ್ಪಣಿ ಬರೆದುಕೊಂಡರು.

ನಿಜ ಇಷ್ಟು. ಅಮ್ಮ ಹೋದಾಗ ನನಗೆ ಎಂಟು, ಅಕ್ಕನಿಗೆ ಹದಿನೇಳು. ಕಿವಿ ಹಿಂಡಿ, ತಲೆ ಬಾಚಿ, ನನ್ನನ್ನು ಮನುಷ್ಯನನ್ನಾಗಿ ಮಾಡಿದವಳು ಅವಳು. ಅವಳು ಆ ಕಂಪನಿಯಲ್ಲಿ ಹಾಡಿ ನಟಿಸುತ್ತಿದ್ದಳು, ನಾನು ನೀರು ಸರಬರಾಜು ಕಚೇರಿಯಲ್ಲಿ ದೂರುಗಳಿಗೆ ಉತ್ತರ ಬರೆಯುತ್ತಿದ್ದೆ. ನನ್ನ ತಮ್ಮ ಚೆನ್ನಾಗಿ ಬರೀತಾನೆ ಎಂದು ಮಾಲೀಕರ ಮುಂದೆ ನನ್ನನ್ನು ನಿಲ್ಲಿಸಿದವಳೂ ಅವಳೇ. ಮೊದಲ ಎರಡು ನಾಟಕಗಳಲ್ಲಿ ನನ್ನ ಸಾಲುಗಳು ಉದ್ದುದ್ದ ಇದ್ದವು. ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಮರೆತುಹೋಗುವಷ್ಟು ಉದ್ದ. ನನಗೆ ಅವುಗಳ ಮೇಲೆ ಬಲು ಪ್ರೀತಿ.

ಮೂರನೇ ನಾಟಕದ ತಾಲೀಮಿನ ಹೊತ್ತಿಗೆ ಅಕ್ಕನಿಗೆ ಉಬ್ಬಸ ಹಿಡಿಯಿತು. ಗೋದಾಮಿನ ಮರದ ಪುಡಿಯೋ ಏನೋ. ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅವಳು ತೊಟ್ಟಿಯ ಅಂಚು ಹಿಡಿದುಕೊಂಡು ನನ್ನ ಒಂದು ಸಾಲನ್ನು ಮುಗಿಸಲು ಹೆಣಗುತ್ತಿದ್ದಳು. ಮೂರು ಸಲವೂ ಅರ್ಧಕ್ಕೇ ಉಸಿರು ನಿಂತಿತು.

"ಮಾಲೀಕರಿಗೆ ಗೊತ್ತಾಗಬಾರದು," ಎಂದಳು. "ಗಡಿಯಾರಕ್ಕಂತೂ ಗೊತ್ತಾಗಲೇಬಾರದು."

ಗಡಿಯಾರ ಎಂದರೆ ನಮ್ಮ ಸಂಗೀತ ನಿರ್ದೇಶಕ. ತಾಳ ಕೂದಲೆಳೆಯಷ್ಟು ತಪ್ಪಿದರೂ ಸಿಡಿಮಿಡಿಗೊಳ್ಳುವ ಆಸಾಮಿ, ಅದಕ್ಕೇ ಆ ಹೆಸರು. ಎರಡು ತಿಂಗಳ ಹಿಂದಷ್ಟೇ ರಂಗದ ಮೇಲೆ ಕೆಮ್ಮಿದ ಒಬ್ಬ ನಟಿಯನ್ನು ಮಾಲೀಕರು ಬಹಳ ಸಿಹಿಯಾಗಿ ಮಾತಾಡಿ ಮನೆಗೆ ಕಳಿಸಿದ್ದರು.

"ಸಾಲು ತುಂಡು ಮಾಡೋ. ನನ್ನ ಉಸಿರು ಎಷ್ಟಿದೆಯೋ ಅಷ್ಟೇ ಬರಿ."

ನಾನು ಮುಖ ಗಂಟು ಹಾಕಿಕೊಂಡೆ. ಅವಳಿಗೆ ಉಸಿರು ಸಿಗುತ್ತಿಲ್ಲ, ನನಗೆ ನನ್ನ ಉದ್ದ ಸಾಲಿನ ಚಿಂತೆ. ಆದರೂ ಆ ಭಾನುವಾರವಿಡೀ ಅವಳು ಕಿಟಕಿಯ ಬಳಿ ನಿಂತು ಪತ್ರಿಕೆಯನ್ನು ಜೋರಾಗಿ ಓದಿದಳು, ನಾನು ಒಂದು ಉಸಿರಿಗೆ ಎಷ್ಟು ಅಕ್ಷರ ಎಂದು ಗೀಟು ಹಾಕುತ್ತ ಕುಳಿತೆ. ಉಸಿರು ಸಲೀಸಾಗಿದ್ದಾಗ ಒಂಬತ್ತು, ಕಟ್ಟಿದಾಗ ಐದು. ನಾನು ಐದರ ಲೆಕ್ಕಕ್ಕೆ ಬರೆದೆ. ಹಕಾರ ಉಸಿರನ್ನು ತಿಂದುಬಿಡುತ್ತದೆ, ಮಕಾರ ನಕಾರಗಳ ಮೇಲೆ ಸ್ವಲ್ಪ ಕೂತು ಸುಧಾರಿಸಿಕೊಳ್ಳಬಹುದು ಎಂದು ಅವಳೇ ಕಲಿಸಿದಳು. "ಮಹಾಪ್ರಾಣ ಬೇಡವೋ ಮಾರಾಯ, ನನ್ನ ಹತ್ರ ಇರೋದೇ ಅಲ್ಪ," ಎಂದು ನಕ್ಕಳು. ನಕ್ಕಿದ್ದಕ್ಕೆ ಮತ್ತೆ ಐದು ನಿಮಿಷ ಏದುಸಿರು ಬಿಟ್ಟಳು. ಆ ದಿನ ಹುಟ್ಟಿದ ಹಾಡು ಇದು:

ಬಾಗಿಲು ತೆರೆ.
ಬೆಳಕಿದೆ.
ನಾನಿಲ್ಲಿರುವೆ.
ನೀನಿಲ್ಲ.

ಗಡಿಯಾರ ಗೊಣಗಿದ. ಇದೇನು ಹಾಡೋ ತಂತಿ ಸಂದೇಶವೋ ಎಂದು ಕೇಳಿದ. ಹೊಸ ಪ್ರಯೋಗ ಎಂದೆ. ಮೊದಲ ಪ್ರದರ್ಶನದಲ್ಲಿ ಅಕ್ಕ 'ನೀನಿಲ್ಲ' ಎಂದು ನಿಲ್ಲಿಸಿ ಉಸಿರು ಎಳೆದುಕೊಂಡಳು. ಅವಳು ಅಳು ನುಂಗುತ್ತಿದ್ದಾಳೆಂದು ಜನ ತಿಳಿದರು. ಸಭಾಂಗಣ ತುಟಿ ಪಿಟಕ್ಕೆನ್ನದೆ ಕೂತಿತ್ತು. ಮುಂದಿನ ಸಾಲಿನ ಒಬ್ಬ ಗಂಡಸು ಟೋಪಿಯಿಂದ ಮುಖ ಮುಚ್ಚಿಕೊಂಡದ್ದನ್ನು ನಾನು ಪರದೆಯ ಸಂದಿಯಿಂದ ನೋಡಿದೆ.

ಎರಡನೇ ವಾರ ಪತ್ರಿಕೆಯವನೊಬ್ಬ ಬಣ್ಣದ ಕೋಣೆಗೆ ಬಂದ. ಅಕ್ಕ ಕನ್ನಡಿಯ ಮುಂದೆ ಕೂತು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಈ ಸಾಲು ನಿಮಗೆ ಎಲ್ಲಿ ಸಿಕ್ಕಿತು ಎಂದು ಆತ ನನ್ನನ್ನು ಕೇಳಿದ. ಕನ್ನಡಿಯಲ್ಲಿ ಅಕ್ಕನ ಕೈ ನಿಂತಿತು. ನನಗೆ ಆಗ ಮೂವತ್ತು ವರ್ಷ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ. ಮೆಟ್ಟಿಲು ಎಂದೆ. ಅಕ್ಕ ತಲೆ ತಗ್ಗಿಸಿದಳು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಅಕ್ಕನ ಗುಟ್ಟು ಕಾಯಬೇಕೆಂಬ ಯೋಚನೆ ಆ ಕ್ಷಣ ನನ್ನ ತಲೆಯಲ್ಲಿ ಇರಲೇ ಇಲ್ಲ. ಇದ್ದಿದ್ದರೆ ಅಕ್ಕನೂ ನಾನೂ ಸೇರಿ ಮಾಡಿದ್ದು ಎಂದಾದರೂ ಹೇಳಬಹುದಿತ್ತು, ಅದರಿಂದ ಯಾವ ಗುಟ್ಟೂ ರಟ್ಟಾಗುತ್ತಿರಲಿಲ್ಲ. ನನಗೆ ಪೂರ್ತಿ ಬೇಕಿತ್ತು. ಪೂರ್ತಿ ತೆಗೆದುಕೊಂಡೆ. ಅವಳು ತಗ್ಗಿಸಿದ ಆ ತಲೆ ನಲವತ್ತೊಂದು ವರ್ಷದಿಂದ ನನ್ನನ್ನು ಕೊರೆಯುತ್ತಿದೆ.

ಆರು ವರ್ಷ ನಾವು ಒಟ್ಟಿಗೆ ಕೆಲಸ ಮಾಡಿದೆವು. ಆಮೇಲೆ ಸಿನಿಮಾದವರು ಕರೆದರು. ಚಿತ್ರಕಥೆ, ಸಂಭಾಷಣೆ, ಹಾಡು, ಮೂರೂ ನನ್ನದೇ. ಬೇರೆ ಊರು, ಬೇರೆ ಮನೆ. ಸ್ಟುಡಿಯೋದಲ್ಲಿ ಕುಲುಮೆಯ ತಿದಿಯಂಥ ಎದೆಯಿದ್ದ ಹಾಡುಗಾರ್ತಿ ನನ್ನ ತುಂಡು ಸಾಲುಗಳನ್ನು ಹಾಡುತ್ತಿದ್ದಳು. ಅವಳಿಗೆ ನಿಲ್ಲಿಸುವ ಅಗತ್ಯವೇ ಇರಲಿಲ್ಲ, ನಾನು ಹೇಳಿದ್ದಕ್ಕೆ ನಿಲ್ಲಿಸುತ್ತಿದ್ದಳು. ಧ್ವನಿಮುದ್ರಣದವನು ನಡುವೆ ಕೇಳಿಸುತ್ತಿದ್ದ ಅವಳ ಉಸಿರಿನ ಸದ್ದನ್ನೂ ಅಳಿಸಿಹಾಕುತ್ತಿದ್ದ. ಗಾಜಿನ ಈಚೆ ಕೂತು ನಾನು ಭೇಷ್ ಎನ್ನುತ್ತಿದ್ದೆ.

ಕಂಪನಿಗೆ ಹೊಸ ಸಾಹಿತಿ ಬಂದ. ಅವನಿಗೂ ವಯಸ್ಸಿಗೆ ತಕ್ಕಂತೆ ಉದ್ದ ಸಾಲಿನ ಹುಚ್ಚು. ವರ್ಷ ತುಂಬುವ ಮೊದಲೇ ಅಕ್ಕ, ಸಾಕಾಯಿತು ಎಂದು ಮಾಲೀಕರಿಗೆ ಹೇಳಿ ಕಂಪನಿ ಬಿಟ್ಟಳು. ಸುದ್ದಿ ಕಿವಿಗೆ ಬಿದ್ದಾಗ ಕಾರಣ ನನಗೆ ತಕ್ಷಣ ಹೊಳೆಯಿತು. ವರ್ಷಕ್ಕೊಂದು ನಾಟಕ ಅವಳಿಗಾಗಿ ಬರೆದುಕೊಟ್ಟಿದ್ದರೆ ನನ್ನ ಕೈಯೇನೂ ಸವೆಯುತ್ತಿರಲಿಲ್ಲ. ಆ ತಿಂಗಳು ನಾನು ಇಬ್ಬರು ಕಳ್ಳರು ಛಾವಣಿಯಿಂದ ಛಾವಣಿಗೆ ಹಾರುವ ದೃಶ್ಯ ಬರೆಯುವುದರಲ್ಲಿ ಮುಳುಗಿದ್ದೆ. ಆ ಸಿನಿಮಾ ಒಂದೇ ವಾರ ಓಡಿತು.

ಇದನ್ನೆಲ್ಲ ಮೂರು ದಿನ ಕೂತು ನಾಲ್ಕು ಹಾಳೆ ಬರೆದೆ. ಮೊದಲ ಹಾಳೆಯಲ್ಲಿ ಅಕ್ಕನ ಉಬ್ಬಸ, ಕಿಟಕಿ, ಪತ್ರಿಕೆ, ಗೀಟು. ಉಳಿದ ಮೂರರಲ್ಲಿ ನನ್ನ ಕಳ್ಳತನ. ಕದ್ದೆ ಎಂಬ ಪದವನ್ನೇ ಬಳಸಿದ್ದೆ. ಅಚ್ಚಿಗೆ ಕೊಡುವ ಮುಂಚೆ ಅವಳಿಗೆ ಓದಿ ಹೇಳಿ ಕ್ಷಮೆ ಕೇಳಬೇಕು ಎಂದು ಮಾರನೆಯ ಬೆಳಿಗ್ಗೆ ಹೊರಟೆ.

ಅಕ್ಕ ನೆಲ ಅಂತಸ್ತಿನ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಳೆ. ವಾರಕ್ಕೆರಡು ದಿನ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ನಾನು ಹೋದಾಗ ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಕೂತು ಬಟಾಣಿ ಸುಲಿಯುತ್ತಿದ್ದಳು.

"ಬಾ ಬಾ. ಏನು, ದಾರಿ ತಪ್ಪಿ ಬಂದ್ಯಾ?"

"ಮುನ್ನುಡಿ ಬರೆದಿದ್ದೀನಿ ಅಕ್ಕ. ನಿನಗೆ ಓದಿ ಹೇಳೋಣ ಅಂತ."

"ಓದು. ನಡುವೆ ನಿದ್ದೆ ಮಾಡಿದ್ರೆ ಬೇಜಾರು ಮಾಡ್ಕೋಬೇಡ."

ಓದಿದೆ. ಮೊದಲ ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಬೆರಳುಗಳು ಬಟಾಣಿಯ ಮೇಲೆ ನಿಂತವು. ಹಾಳೆ ಮುಗಿದಾಗ ಕೈ ಎತ್ತಿದಳು.

"ಸಾಕು ನಿಲ್ಲಿಸು. ಇದನ್ನ ಯಾರಿಗಾದ್ರೂ ತೋರಿಸಿದ್ದೀಯಾ?"

"ಇನ್ನೂ ಇಲ್ಲ."

"ಸದ್ಯ, ಬದುಕಿದೆ." ಅವಳು ದಿಂಬಿಗೆ ಒರಗಿ ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡಳು. "ಈ ವಯಸ್ಸಿಗೆ ನಿನಗ್ಯಾಕೋ ಬುದ್ಧಿ ಕೆಟ್ಟಿತು? ಈಗಲೂ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ, ನೀವು 'ನೀನಿಲ್ಲ' ಅಂತ ನಿಲ್ಲಿಸ್ತಿದ್ರಲ್ಲ, ಎಂಥ ಅಭಿನಯ ಅಂತಾರೆ. ಅದು ಕಾಯಿಲೆ ಅಂತ ಗೊತ್ತಾದ್ರೆ ಅಯ್ಯೋ ಪಾಪ ಅಂತಾರೆ. ಪಾಪ ಅನ್ನಿಸ್ಕೊಳ್ಳೋಕೆ ನಾನು ಅಷ್ಟು ವರ್ಷ ಹಾಡಲಿಲ್ಲ ಕಣೋ."

"ಆದ್ರೆ ಅಕ್ಕ, ಆ ಸಾಲು ನಿನ್ನದು..."

"ನಂದೋ ನಿಂದೋ, ಯಾರಿಗೆ ಬೇಕು? ನನಗೋಸ್ಕರ ನೀನು ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ಇನ್ನು ನಾಲ್ಕು ದಿನ ಮುಚ್ಕೊಂಡಿರೋಕೆ ಆಗಲ್ವಾ?"

ನನಗೋಸ್ಕರ ಎಂಬ ಮಾತು ಕೇಳಿ ನಾನು ಹಾಳೆಯಿಂದ ತಲೆ ಎತ್ತಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಿಧಾನವಾಗಿ ಹೇಳತೊಡಗಿದಳು.

"ಆ ಪತ್ರಿಕೆಯವನು ಬಣ್ಣದ ಕೋಣೇಲಿ ಕೇಳಿದಾಗ ನನಗೆ ಕೈಕಾಲೇ ಬಿದ್ದುಹೋಗಿತ್ತು. ಹೊಗಳಿಕೆಗೆ ಬೀಗಿ ನೀನು ಎಲ್ಲಾ ಬೊಗಳಿಬಿಡ್ತೀಯ ಅಂದ್ಕೊಂಡೆ. ನೀನು ಮೆಟ್ಟಿಲು ಅಂದುಬಿಟ್ಟೆ. ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆ. ಬಣ್ಣ ಒರೆಸ್ಕೊಳ್ಳೋ ನೆಪದಲ್ಲಿ ತಲೆ ಬಗ್ಗಿಸಿ ಅತ್ತುಬಿಟ್ಟೆ. ಅಮ್ಮ ಇದ್ದಿದ್ರೆ ನೋಡಬೇಕಿತ್ತು ಅನ್ನಿಸ್ತು."

ನಾನು ಹಾಳೆಗಳನ್ನು ಮಡಿಲಿಗೆ ಇಳಿಸಿದೆ. ಅಕ್ಕ ಮುಂದುವರಿಸಿದಳು.

"ನಿನ್ನ ಮೇಲೆ ನನಗೆ ಸಿಟ್ಟು ಬರ್ತಿರಲಿಲ್ಲ ಅಂತಲ್ಲ. ಎರಡೆರಡು ವರ್ಷ ಈ ಕಡೆ ತಲೆ ಹಾಕ್ತಿರಲಿಲ್ಲ ನೀನು. ಕಂಪನಿ ಬಿಟ್ಟಾಗ ಒಂದು ಕಾಗದ ಬರೀಲಿಲ್ಲ. ಆಗೆಲ್ಲ ಇದೊಂದನ್ನ ನೆನೆಸ್ಕೊಳ್ತಿದ್ದೆ. ಅವನು ಹೇಗಾದ್ರೂ ಇರಲಿ, ನನ್ನ ಮಾನ ಕಾಪಾಡ್ತಿದ್ದಾನೆ ಅಂತ ಹೊಟ್ಟೆಗೆ ಹಾಕ್ಕೊಳ್ತಿದ್ದೆ."

ನಿಜ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಿಜ ಹೇಳಿದರೆ ಅವಳ ಪಾಲಿಗೆ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೂ ಇಲ್ಲವಾಗುತ್ತಿತ್ತು.

"ಅಕ್ಕ, ಅದು..." ಎಂದೆ.

"ಏನು?"

"ಏನಿಲ್ಲ. ನಿನಗೋಸ್ಕರನೇ ಅಕ್ಕ. ಇನ್ಯಾರಿಗೆ?"

ಅದು ಅವಳ ಮೇಲಿನ ಕನಿಕರವೋ ನನ್ನ ಪುಕ್ಕಲುತನವೋ ಇವತ್ತಿಗೂ ಹೇಳಲಾರೆ. ಅವಳು ನನ್ನ ಕೆನ್ನೆ ತಟ್ಟಿದಾಗ ನನಗೆ ಹಿತವಾಯಿತು, ಅದನ್ನಂತೂ ಹೇಳಬಲ್ಲೆ. ಆ ಹಿತಕ್ಕೆ ನಾಚಿಕೆಯಾಗುತ್ತದೆ.

"ಆ ಮೊದಲನೇ ಹಾಳೆ ಕೊಡು ಇಲ್ಲಿ," ಎಂದಳು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟುಕೊಂಡಳು. "ಉಳಿದದ್ದರಲ್ಲಿ ಏನಿದೆ?"

"ಹಾಗೇ, ಎಲ್ಲರಿಗೂ ಕೃತಜ್ಞತೆ."

"ಅದನ್ನಾದ್ರೂ ಪೂರ್ತಿ ಓದು. ಕೇಳೋಣ."

ಮೂರು ಹಾಳೆಗಳನ್ನೂ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಅಕ್ಕ ಕಣ್ಣು ಮುಚ್ಚಿ ಒರಗಿದಳು. ಕದ್ದೆ ಎಂದು ನನ್ನದೇ ಕೈಬರಹದಲ್ಲಿ ಬರೆದಿದ್ದ ಸಾಲುಗಳನ್ನು ನೋಡುತ್ತ ನಾನು ಬಾಯಿಗೆ ಬಂದದ್ದನ್ನು ಓದಿದೆ. ಮಾಲೀಕರಿಗೆ ವಂದನೆ ಹೇಳಿದೆ. ಗಡಿಯಾರಕ್ಕೆ, ವಾದ್ಯದವರಿಗೆ, ಪರದೆ ಎಳೆಯುತ್ತಿದ್ದವರಿಗೆ, ಸಿನಿಮಾದ ನಿರ್ಮಾಪಕರಿಗೆ, ಕರಡು ತಿದ್ದಿದ ಸಂಪಾದಕಿಗೆ ಹೇಳಿದೆ. ನಡುನಡುವೆ ಹಾಳೆ ತಿರುವಿದೆ. ಅಷ್ಟು ವರ್ಷ ಬರೆದು ತಿಂದವನಿಗೆ ಅದೇನೂ ಕಷ್ಟದ ಕೆಲಸವಲ್ಲ.

ಮುಗಿಯಿತು ಎಂದಾಗ ಅಕ್ಕ ಕಣ್ಣು ಬಿಟ್ಟಳು.

"ಚೆನ್ನಾಗಿದೆ. ನನ್ನ ಹೆಸರು ಎಲ್ಲೂ ಬಂದಿಲ್ಲ ತಾನೇ?"

ಕೈಯಲ್ಲಿದ್ದ ಹಾಳೆಗಳಲ್ಲಿ ಅವಳ ಹೆಸರು ಹನ್ನೊಂದು ಕಡೆ ಇತ್ತು.

"ಇಲ್ಲ ಅಕ್ಕ," ಎಂದೆ. "ಎಲ್ಲೂ ಇಲ್ಲ."