ಹನ್ನೆರಡು ಮೊಳದ ಹಗ್ಗ

ಕೀಲ್ಪಾಕಿನ ಆ ಅಪಾರ್ಟ್‌ಮೆಂಟಿನ ಹೆಂಗಸರು ಹಿತ್ತಿಲಿನ ಖಾಲಿ ಜಾಗದಲ್ಲಿ ಥ್ರೋಬಾಲ್ ಅಂಕಣ ಹಾಕಲು ಹೊರಟು, ಎರಡು ಸಲ ಸುಣ್ಣದ ಗೆರೆ ಎಳೆದು ಎರಡು ಸಲವೂ ಅಳಿಸಿದ್ದರು. ಏನು ಮಾಡಿದರೂ ಮೂಲೆ ಸೊಟ್ಟಗೇ ಬರುತ್ತಿತ್ತು. ಯಾರಾದರೂ ಎಂಜಿನಿಯರನ್ನು ಕರೆಯೋಣವೆಂದು ತೇಜಶ್ರೀ ಹೇಳಿದಳು.

"ಸ್ವಲ್ಪ ತಡೀರಿ" ಎಂದು ಅವಳ ಪಕ್ಕದ ಮನೆಯ ಗಿರಿಜಾದೇವಿ ಒಳಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದರು. ಗದಗಿನಲ್ಲಿ ಹತ್ತನೆಯ ತರಗತಿ ಮುಗಿಸಿ, ಮದುವೆಯಾಗಿ ಈ ತಮಿಳು ಊರಿಗೆ ಬಂದು ನಲವತ್ತೈದು ವರ್ಷವಾಗಿತ್ತು. ರೇಖಾಗಣಿತವನ್ನು ಅವರು ಆಮೇಲೆ ಒಮ್ಮೆಯೂ ನೆನೆದಿರಲಿಲ್ಲ. ಈಗ ಮೊಳಕ್ಕೊಂದು ಗಂಟು ಹಾಕುತ್ತ ಹನ್ನೆರಡು ಮೊಳ ಅಳೆದು, ಎರಡೂ ತುದಿ ಸೇರಿಸಿ ಕೈಯಲ್ಲಿ ಹಿಡಿದರು.

"ತೇಜಶ್ರೀ, ನೀ ಮೂರನೇ ಗಂಟು ಹಿಡಿ. ಮೌನಾ, ಅಲ್ಲಿಂದ ನಾಕು ಎಣಿಸಿ ನೀ ನಿಲ್ಲು. ಉಳಿದ ಐದು ನನ್ನ ಕಡೆ. ಈಗ ಮೂವರೂ ಬಿಗಿಯಾಗಿ ಎಳೆಯೂಣು."

ತೇಜಶ್ರೀಯ ಕಾಲ ಬಳಿ ನೆಟ್ಟಗಿನ ಮೂಲೆಯೊಂದು ಮೂಡಿತು.

ಒಂಬತ್ತನೆಯ ತರಗತಿಯ ಮೊಮ್ಮಗಳು ಮೌನಾ ಎಂದಿನಂತೆ ಅಜ್ಜಿಯನ್ನು ತಮಿಳಿನಲ್ಲೇ ಕೇಳಿದಳು. "ಪಾಟ್ಟಿ, ಇದು ಪೈಥಾಗರಸ್ ದಾನೇ?"

"ಹೌದವ್ವ. ಹೆಸರು ಮರ್ತಿದ್ದೆ, ಲೆಕ್ಕ ಮರ್ತಿರಲಿಲ್ಲ ನೋಡು" ಎಂದು ಗಿರಿಜಾದೇವಿ ನಕ್ಕರು. ಹೇಳುವಾಗ ಅವರಿಗೇ ಸೋಜಿಗವಾಗಿತ್ತು.

ಸಂಜೆ ಆಟ ಶುರುವಾಯಿತು. ಎಲ್ಲರೂ ಸೇರಿ ಅವರನ್ನೇ ಅಂಪೈರ್ ಮಾಡಿದರು. ಗೆರೆ ದಾಟಿದ ಒಂದು ಚೆಂಡನ್ನೂ ಅವರು ಔಟ್ ಕೊಡದೆ ಬಿಡಲಿಲ್ಲ.