ಆರಿಸಿದ ಅಕ್ಕಿ

ಪಕ್ಕದಲ್ಲಿ ಬೋರಣ್ಣ ಅಗಿಯುತ್ತಿದ್ದಾನೆ, ಅವನ ದವಡೆಯನ್ನೇ ನೋಡುತ್ತಿದ್ದೇನೆ, ಈಗ ಕಟಕ್ ಅನ್ನಬೇಕು, ಈಗ — ಇಲ್ಲ, ನುಂಗಿದ, ಸಾರು ಕೇಳುತ್ತಿದ್ದಾನೆ. ಊಟದ ಕೋಣೆಯಲ್ಲಿ ಇಪ್ಪತ್ತೆಂಟು ಬಾಯಿಗಳಿವೆ, ಒಂದಕ್ಕಾದರೂ ಸಿಗದೆ ಇರುತ್ತದೆಯೇ, ಬೆಳಿಗ್ಗೆ ಮೊರದ ಅಕ್ಕಿಯಲ್ಲಿದ್ದ ಕಲ್ಲು ಒಂದನ್ನೂ ತೆಗೆಯಲಿಲ್ಲ, ಬೇಕೆಂದೇ ಬಿಟ್ಟೆ, ಜೀವಮಾನದಲ್ಲಿ ಮೊದಲ ಸಲ, ಬೆರಳು ತಾನಾಗಿಯೇ ಕಲ್ಲಿನ ಕಡೆ ಓಡುತ್ತಿತ್ತು, ಹಿಡಿದು ಕೂರಿಸಿದೆ. ಎರಡು ಸಾವಿರದ ಮೂರರ ಯುಗಾದಿ ಕಳೆದ ಮೇಲೆ ತಂಗಿಯ ಮಗ ಜೆ.ಪಿ. ನಗರದ ಈ ಮುದುಕರ ಹೋಮಿಗೆ ತಂದು ಬಿಟ್ಟ, ಆಮೇಲೆ ಬರೀ ಗೋಡೆ, ಟೀವಿ, ಮಾತ್ರೆ, ಮತ್ತೆ ಗೋಡೆ, ಯಾಕೆ ಬದುಕಿದ್ದೀನೋ ಅನ್ನಿಸಿಬಿಟ್ಟಿತ್ತು — ಆಗ ನಮ್ಮನ್ನು ನೋಡಿಕೊಳ್ಳಲು ಶಾಲಿನಿ ಮೇಡಂ ಬಂದರು, ಅಜ್ಜಿ ಸುಮ್ನೆ ಕೂತ್ಕೋಬೇಡಿ, ಅಡುಗೆಮನೆಗೆ ನಿಮ್ಮ ಹೆಲ್ಪ್ ಬೇಕು, ಅಕ್ಕೀಲಿ ತುಂಬಾ ಕಲ್ಲು ಬರ್ತಿದೆ. ಬೇಕು ಅಂದರು, ನಾನು ಬೇಕು ಅಂತ ಯಾರಾದರೂ ಅಂದು ಎಷ್ಟು ಕಾಲವಾಗಿತ್ತು, ಅವತ್ತಿನಿಂದ ತಿಂಡಿಯಾದ ಕೂಡಲೇ ಮೊರ ಹಿಡಿದು ಕಿಟಕಿಯ ಬೆಳಕಿಗೆ ಕೂರುತ್ತೇನೆ, ಬೇಗೂರಿನ ಮನೆಯ ಜಗುಲಿಯಲ್ಲಿ ಕೂರುತ್ತಿದ್ದ ಹಾಗೆ, ಅಲ್ಲಿ ಒಂದು ದಿನ ಅತ್ತೆಯ ಹಲ್ಲಿಗೆ ಕಲ್ಲು ಸಿಕ್ಕಿ, ಕಣ್ಣು ಎಲ್ಲಿಟ್ಟಿದ್ದೆ ಅಂತ ತಟ್ಟೆ ತಳ್ಳಿ ಎದ್ದುಬಿಟ್ಟರು, ಒಲೆ ಮುಂದೆ ಕೂತು ಅತ್ತಿದ್ದೆ, ಇವತ್ತು ಯಾರಾದರೂ ಹಾಗೆ ಬೈದರೆ ಅವರ ಕಾಲಿಗೆ ಬೀಳುತ್ತೇನೆ.

ನಿನ್ನೆ ಮೊರ ವಾಪಸ್ ಕೊಡಲು ನಾನೇ ಅಡುಗೆಮನೆಗೆ ಹೋಗಬಾರದಿತ್ತು. ಅಡುಗೆಯ ಪಾರವ್ವ ನಾನು ಆರಿಸಿದ ಅಕ್ಕಿಯನ್ನು ಡಬ್ಬಕ್ಕೆ ಸುರಿದು, ನಾನು ಬಟ್ಟಲಿಗೆ ತೆಗೆದಿಟ್ಟ ಕಲ್ಲನ್ನೆಲ್ಲ ಅದರ ಮೇಲೇ ಹಾಕಿ ಕೈಯಾಡಿಸುತ್ತಿದ್ದಳು, ನಾಳೆಗೆ ಅಂತ, ಒಲೆಯ ಮೇಲೆ ಬೇಯುತ್ತಿದ್ದದ್ದು ಬೇರೆ ಪ್ಯಾಕೆಟಿನ ಅಕ್ಕಿ, ನನ್ನನ್ನು ನೋಡಿ ಅವಳ ಕೈ ನಿಂತಿತು, ತಪ್ಪು ತಿಳೀಬ್ಯಾಡ್ರಿ ಯವ್ವಾ, ಈಗಿನ ಅಕ್ಕಿಯೊಳಗ ಕಲ್ಲು ಎಲ್ಲಿರ್ತಾವು, ನಿಮ್ಮ ಕೈಗೆ ಕೆಲಸ ಇರ್ಲಿ ಅಂತ ಮೇಡಂ ಹೇಳ್ಯಾರ — ಎರಡು ತಿಂಗಳು, ಅದೇ ಅಕ್ಕಿ, ಅದೇ ಕಲ್ಲು, ಅವರೆಕಾಳಿನಷ್ಟಿದ್ದ ಆ ಕೆಂಪು ಕಲ್ಲು ದಿನಾ ಸಿಗುತ್ತಿತ್ತಲ್ಲ, ಅಂಗಡಿಯವನನ್ನು ಬೈದುಕೊಂಡೆ, ಪೆದ್ದಿ ನಾನು, ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟಿದ್ದಾರೆ. ಇಲ್ಲ, ಪಾರವ್ವನಿಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ, ನಿನ್ನೆ ಒಂದು ದಿನ ಹಾಗಾಗಿರಬಹುದು, ಮಿಕ್ಕ ದಿನ ನನ್ನ ಅಕ್ಕಿಯನ್ನೇ ಬೇಯಿಸಿರಬಹುದು, ಇವತ್ತು ಗೊತ್ತಾಗುತ್ತದೆ, ಒಂದು ಕಲ್ಲು ಸಾಕು, ದೇವರೇ, ನನ್ನ ಬಾಯಿಗೇ ಸಿಗಲಿ, ಇರುವ ನಾಲ್ಕು ಹಲ್ಲೂ ಹೋಗಲಿ.

ಶಾಲಿನಿ ಮೇಡಂ ಸಾಲಿನುದ್ದಕ್ಕೂ ಬರುತ್ತಿದ್ದಾರೆ, ಊಟ ಚೆನ್ನಾಗಿದ್ಯಾ ಅಜ್ಜಿ, ಆ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ, ಬೈಯಲೂ ಆಗುವುದಿಲ್ಲ. ಮಜ್ಜಿಗೆಯೂ ಬಂತು, ಕೆಲವರು ಏಳುತ್ತಿದ್ದಾರೆ, ಬೋರಣ್ಣ ತಟ್ಟೆ ಬಳಿದು ನನ್ನ ಕಡೆ ತಿರುಗುತ್ತಾನೆ, ಮಂಗಮ್ಮಕ್ಕ, ನೀನು ಆರ್ಸೋಕೆ ಶುರು ಮಾಡಿದ್ಮೇಲೆ ಅನ್ನದಾಗೆ ಒಂದು ಕಲ್ಲೂ ಸಿಕ್ಕಿಲ್ಲ ಕಣಕ್ಕ, ನನ್ನ ಹಲ್ಲು ಉಳಿಸ್ದೆ — ಕೊನೆಯ ತುತ್ತನ್ನು ಇನ್ನೂ ನುಂಗಿಲ್ಲ, ಒಂದೊಂದೇ ಅಗುಳನ್ನು ನಾಲಿಗೆಯಿಂದ ಒತ್ತಿ ನೋಡುತ್ತಿದ್ದೇನೆ, ಅನ್ನ, ಇದು ಅನ್ನ, ಇದೂ ಅನ್ನ, ಇದೂ